ಎರಡನೇ ಬ್ರೇಕಿನ ಮೇಷ್ಟ್ರು

ನನಗೆ ಕಾರು ಓಡಿಸಲು ಕಲಿಸಿದ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು. ಸುದ್ದಿ ಬಂದದ್ದು ಅವರ ಹಳೆಯ ಶಿಷ್ಯರ ವಾಟ್ಸಾಪ್ ಗ್ರೂಪಿನಲ್ಲಿ. ಅವರ ಮಗಳು ತಂದೆಯ ನಗುಮುಖದ ಫೋಟೋ ಹಾಕಿ, ಕೆಳಗೆ ನಾಲ್ಕು ಸಾಲಿನಲ್ಲಿ ವಿಷಯ ಬರೆದಿದ್ದಳು. ಒಂದೇ ನಿಮಿಷದಲ್ಲಿ ಮೊದಲ ಉತ್ತರ ಬಂತು: “ಕಂಗ್ರಾಟ್ಸ್ ಸಾರ್! ವೆಲ್ ಡಿಸರ್ವ್ಡ್!” ಅದರ ಬೆನ್ನಿಗೇ ಇನ್ನೊಬ್ಬರು ಕೇಕಿನ ಚಿತ್ರ ಕಳಿಸಿ ನೂರು ಕಾಲ ಬಾಳಿ ಎಂದು ಹಾರೈಸಿದರು. ಮೂರನೆಯವರು, ಮೊದಲಿಬ್ಬರನ್ನು ನಂಬಿಕೊಂಡಿರಬೇಕು, ಹೆಬ್ಬೆರಳು ಎತ್ತಿದರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಕೊನೆಯವರೆಗೂ ಓದಿ “ಅಯ್ಯೋ” ಎಂದರು. ಕೇಕು ಮಾಯವಾಯಿತು. ಸಂದೇಶ ಅಳಿಸಲಾಗಿದೆ ಎಂಬ ಸಾಲುಗಳು ಒಂದರ ಕೆಳಗೊಂದು ತಲೆತಗ್ಗಿಸಿ ನಿಂತವು.

ಅವರನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ನಾನೂ ಅದನ್ನು ಮೀಟಿಂಗಿನ ನಡುವೆ, ಮೇಜಿನ ಕೆಳಗೆ ನೋಡಿ, ಕೈಜೋಡಿಸಿದ ಚಿತ್ರ ಒತ್ತಿ ಮುಂದಕ್ಕೆ ಹೋಗಿದ್ದೆ. ಅಂತ್ಯಕ್ರಿಯೆ ಅದೇ ಸಂಜೆ ಐದಕ್ಕೆ ಕೆಂಗೇರಿಯಲ್ಲಿ ಎಂದು ಕೊನೆಯ ಸಾಲಿನಲ್ಲಿತ್ತು. ಆ ಸಾಲನ್ನು ನಾನು ಓದಿದ್ದು ಮರುದಿನ ಬೆಳಿಗ್ಗೆ. ಹೋಗಬೇಕಾದಲ್ಲಿಗೆ ಹೋಗದವಳು ಈಗ ಕೂತು ಬರೆಯುತ್ತಿದ್ದೇನೆ.

ಕಾರು ಕಲಿಯಲು ಹೊರಟಾಗ ನನಗೆ ಐವತ್ತು ತುಂಬಿತ್ತು. ಬಸವೇಶ್ವರನಗರದ ಒಂದು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದೆ. ಕಲಿಯಲು ಕಾರಣ ನನ್ನ ಯಜಮಾನರು. ಅವರು ಕಾರು ಓಡಿಸುವಾಗ ಒಂದು ಕೈ ಸ್ಟೀರಿಂಗಿನ ಮೇಲಿದ್ದರೆ ಇನ್ನೊಂದು ಫೋನಿನ ಮೇಲಿರುತ್ತಿತ್ತು. ಒಂದು ಭಾನುವಾರ ರಾಜಾಜಿನಗರದ ಸಿಗ್ನಲ್ಲೊಂದರಲ್ಲಿ ದೀಪ ಹಸಿರಾಗಿ, ಕೆಂಪಾಗಿ, ಮತ್ತೆ ಹಸಿರಾಗುವವರೆಗೂ ಕ್ರಿಕೆಟ್ ನೋಡುತ್ತಾ ನಿಂತಿದ್ದರು. ಹಿಂದಿನಿಂದ ಹಾರ್ನುಗಳ ಸುರಿಮಳೆ. “ಈ ಜನಕ್ಕೆ ತಾಳ್ಮೆ ಅನ್ನೋದೇ ಇಲ್ಲ ಕಣೇ,” ಎಂದರು. ಮಾರನೆಯ ದಿನವೇ ನಾನು ಹೊಸಹಳ್ಳಿ ಮೆಟ್ರೋ ನಿಲ್ದಾಣದ ಹಿಂದಿದ್ದ ಡ್ರೈವಿಂಗ್ ಸ್ಕೂಲಿಗೆ ಹೆಸರು ಬರೆಸಿದೆ. ಇಪ್ಪತ್ತೊಂದು ದಿನದ ಕೋರ್ಸು.

ಮೊದಲ ದಿನ ಕಾರು ಬರಲೇ ಇಲ್ಲ. ಬಂದವರು ಮೇಷ್ಟ್ರೊಬ್ಬರೇ, ನಡೆದುಕೊಂಡು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಗರಿಗರಿ ಇಸ್ತ್ರಿಯ ಅರೆತೋಳಿನ ಅಂಗಿ, ಹೆಗಲ ಮೇಲೆ ಮಡಚಿದ ಬಿಳಿಯ ಕರವಸ್ತ್ರ. ಮೊದಲು ಹಾಲಿನ ವ್ಯಾನು ಓಡಿಸುತ್ತಿದ್ದರಂತೆ, ಆಮೇಲೆ ಕಲಿಸಲು ಬಂದರಂತೆ. ನನ್ನನ್ನು ಮಾಗಡಿ ರಸ್ತೆಯ ಫುಟ್‌ಪಾತಿಗೆ ಕರೆದುಕೊಂಡು ಹೋಗಿ ಒಂದು ಮರದಡಿ ನಿಲ್ಲಿಸಿದರು.

“ಹತ್ತು ನಿಮಿಷ ರೋಡ್ ನೋಡ್ತಾ ಇರಿ ಮೇಡಂ.”

“ಕಾರು?”

“ಕಾರು ನಾಳಿದ್ದು.”

ನಿಂತೆ. ಹತ್ತು ನಿಮಿಷ ಆದ ಮೇಲೆ, “ಏನೇನ್ ನೋಡಿದ್ರಿ?” ಎಂದು ಕೇಳಿದರು.

“ಟ್ರಾಫಿಕ್.”

ಹಲ್ಲಿನ ಡಾಕ್ಟರು ಹುಳುಕು ಹಲ್ಲು ಕಂಡಾಗ ಮಾಡುವಂಥ ಮುಖ ಮಾಡಿದರು. “ಅದು ಸರಿ. ಯಾರ್‌ಯಾರನ್ನ ನೋಡಿದ್ರಿ?”

ನನಗೆ ಒಬ್ಬರೂ ನೆನಪಾಗಲಿಲ್ಲ. ಅವರು ಒಪ್ಪಿಸಿದರು: “ಆಟೋದೋರು ಎಡಗಾಲು ಹೊರಗೆ ಹಾಕಿದ್ರು, ಎಡಕ್ಕೆ ತಿರುಗ್ಸೋರಿದ್ರು. ಡಿವೈಡರ್ ಹತ್ರ ಅಜ್ಜಿ ಸೀರೆ ನೆರಿಗೆ ಎತ್ತಿ ಹಿಡ್ಕೊಂಡ್ರು, ಅಂದ್ರೆ ಓಡ್ತಾರೆ. ಬೆನ್ನಿಗೆ ಡೆಲಿವರಿ ಬ್ಯಾಗ್ ಹಾಕ್ಕೊಂಡಿದ್ನಲ್ಲ, ಅವನು ಮನೆ ನಂಬರ್ ಹುಡುಕ್ತಿದ್ದ. ಅಂಥೋರು ಎಲ್ಲಿ ಬೇಕಾದ್ರೂ ನಿಂತುಬಿಡ್ತಾರೆ. ನೀವು ಮೂರ್ ಸಲ ಫೋನ್ ನೋಡಿದ್ರಿ.”

“ಒಂದೇ ಸಲ ಸಾರ್.”

“ಮೂರು. ಮೂರನೇ ಸಲ ನಕ್ಕಿದ್ರಿ.”

ನನಗೆ ರೇಗಿತು. ಒಂದೇ ಹೊತ್ತಿಗೆ ನಾಲ್ಕು ಕೆಲಸ ನಿಭಾಯಿಸುವವಳು ಎಂದು ಮೇಲಧಿಕಾರಿಗಳಿಂದ ವರ್ಷ ವರ್ಷವೂ ಹೊಗಳಿಸಿಕೊಂಡವಳು ನಾನು. ಗ್ರಾಹಕರ ಜೊತೆ ಮಾತಾಡುತ್ತಲೇ ಮೇಲ್ ಓದಿ, ಅದರ ನಡುವೆ ಮನೆಗೆ ತರಕಾರಿ ಆರ್ಡರ್ ಮಾಡುತ್ತಿದ್ದೆ. ಮನೆಗೆ ಎರಡು ಸಲ ಹೂಕೋಸು ಬಂದು ಈರುಳ್ಳಿ ಬಾರದೇ ಹೋದದ್ದನ್ನು ನನ್ನ ಸಾಮರ್ಥ್ಯದ ಲೆಕ್ಕಕ್ಕೆ ನಾನೆಂದೂ ಸೇರಿಸಿರಲಿಲ್ಲ.

ಮೂರನೆಯ ದಿನ ಕಾರು ಬಂತು. ಕಲಿಸುವ ಕಾರಿನಲ್ಲಿ ಎಡಗಡೆ ಕೂರುವ ಮೇಷ್ಟ್ರ ಕಾಲಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಕೂತ ಕೂಡಲೇ ಅವರು ಬಲಗಾಲಿನ ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲನ್ನು ಆ ಬ್ರೇಕಿನ ಮೇಲೆ ಇಟ್ಟುಕೊಂಡರು. ಯಾಕೆಂದು ಕೇಳಿದ್ದಕ್ಕೆ, “ಬೂಟಿಗೇನ್ ಗೊತ್ತಾಗುತ್ತೆ ಮೇಡಂ?” ಎಂದರು.

ಅವರದೊಂದು ಪ್ರಶ್ನೆ ಇತ್ತು. ಕಾರು ನೆಟ್ಟಗೆ ಹೋಗುತ್ತಿರುವಾಗ, ಯಾವ ತಪ್ಪೂ ಆಗದಿರುವಾಗ, ಮೆಲ್ಲಗೆ ಕೇಳುತ್ತಿದ್ದರು: “ಎಲ್ಲಿದೀರಾ ಮೇಡಂ?”

ಮೊದಮೊದಲು ನಾನು, “ಪೈಪ್‌ಲೈನ್ ರಸ್ತೆ ಸಾರ್,” ಎಂದು ಉತ್ತರ ಕೊಡುತ್ತಿದ್ದೆ.

“ಅದು ಕಾರು. ನೀವು?”

ನಾನು ಬ್ಯಾಂಕಿನ ಆಡಿಟ್ಟಿನಲ್ಲಿ ಇರುತ್ತಿದ್ದೆ. ಇಲ್ಲವೇ ನಾದಿನಿಯ ಮನೆಯ ಗೃಹಪ್ರವೇಶದಲ್ಲಿ, ಅವಳು ಆಡಿದ ಒಂದು ಮಾತಿಗೆ ಎರಡು ವರ್ಷ ತಡವಾಗಿ ಉತ್ತರ ಕೊಡುತ್ತಾ ಇರುತ್ತಿದ್ದೆ. ಇವರಿಗೆ ಹೇಗೆ ತಿಳಿಯುತ್ತದೆ ಎಂಬುದೇ ಸೋಜಿಗ. “ನೀವಿಲ್ದಿದ್ದಾಗ ಗೇರ್ ಮೇಲಿರೋ ಕೈ ಸತ್ತೋಗಿರುತ್ತೆ,” ಎಂದಿದ್ದರು ಒಮ್ಮೆ.

ದೇವರಂಥ ಮನುಷ್ಯ ಎಂದೇನೂ ಭಾವಿಸಬೇಡಿ. ಮಹಾ ಕಿರಿಕಿರಿಯ ಆಸಾಮಿ. ಕಾರಿನಲ್ಲಿ ಹಾಡು ಹಾಕುವ ಹಾಗಿಲ್ಲ. ದರ್ಶಿನಿಯಲ್ಲಿ ಕಾಫಿ ಕುಡಿಯುವಾಗ ನಾವು ಮಾತು ತೆಗೆದರೆ ಒಂದು ಬೆರಳು ಎತ್ತಿ ತಡೆಯುತ್ತಿದ್ದರು, ಕಾಫಿ ಮುಗಿದ ಮೇಲೇ ಮಾತು. ಗೇರ್ ಇಲ್ಲದ ಆಟೋಮ್ಯಾಟಿಕ್ ಕಾರು ಕಂಡರೆ ಆಗದು. “ಅದು ಕಾರಲ್ಲ ಮೇಡಂ, ಸೋಫಾ.” ಇಷ್ಟು ಎಚ್ಚರದ ಮನುಷ್ಯ ಮನೆಯಲ್ಲಿ ದಿನವೂ ಕನ್ನಡಕ ಹುಡುಕುತ್ತಿದ್ದರಂತೆ, ಸಿಕ್ಕಿದರೆ ಅದು ತಲೆಯ ಮೇಲೇ ಇರುತ್ತಿತ್ತೆಂದು ಅವರ ಮಗಳು ಹೇಳಿದ್ದಾಳೆ.

ನನ್ನ ನಂತರದ ಕ್ಲಾಸು ರಾಜರಾಜೇಶ್ವರಿನಗರದ ಒಬ್ಬ ಯುವಕನದು. ಐಟಿ ಕಂಪನಿಯವನು. ಕ್ಲಾಸಿನ ಹೊತ್ತಿಗೇ ಅವನಿಗೆ ಆಫೀಸಿನ ಮೀಟಿಂಗು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಕಾರು ಹತ್ತುತ್ತಿದ್ದ. “ನಾನೇನೂ ಮಾತಾಡಲ್ಲ ಸಾರ್, ಬರೀ ಕೇಳಿಸ್ಕೊಳ್ತೀನಿ, ಮ್ಯೂಟಲ್ಲಿದೆ,” ಎಂದು ಭರವಸೆ ಕೊಡುತ್ತಿದ್ದ. ಒಂದು ದಿನ ವಿಜಯನಗರದ ತಿರುವಿನಲ್ಲಿ ಹಸುವೊಂದು ಅಡ್ಡ ಬಂತು. ಮೇಷ್ಟ್ರು, “ಬ್ರೇಕ್! ಬ್ರೇಕ್ ತಗೊಳ್ರೀ!” ಎಂದು ಕಿರುಚಿದರು. ಅವತ್ತು ಮ್ಯೂಟ್ ಆಗಿರಲಿಲ್ಲ. ಆ ಕಡೆ ಇಪ್ಪತ್ತು ಜನ ತುಟಿಪಿಟಕ್ಕೆನ್ನದೆ ಎದ್ದು ಹದಿನೈದು ನಿಮಿಷ ಚಹಾಕ್ಕೆ ಹೋದರಂತೆ. ಬ್ರೇಕು ತೆಗೆದುಕೊಳ್ಳಲು ಹೇಳಿದ ಆ ಹಿರಿಯ ಅಧಿಕಾರಿ ಯಾರೆಂದು ಒಬ್ಬರೂ ಕೇಳಲಿಲ್ಲ. ಅಲ್ಲಿ ಕೇಳಿಸಿಕೊಳ್ಳುತ್ತಿದ್ದವರು ಎಷ್ಟು ಜನ ಎಂಬುದೂ ಅದರಿಂದಲೇ ಗೊತ್ತಾಯಿತು.

ನಾನು ಕಲಿಯುತ್ತಿದ್ದಾಗಲೇ ಸ್ಕೂಲಿನ ಹಳೆಯ ಮಾಲೀಕರು ಮಗನಿಗೆ ವಹಿಸಿಕೊಟ್ಟು ಮನೆಯಲ್ಲಿ ಕೂತರು. ಮಗ ಮ್ಯಾನೇಜ್‌ಮೆಂಟ್ ಓದಿದವನು. ಬಂದ ವಾರದಲ್ಲೇ ಒಂದು ಆ್ಯಪ್ ತಂದ. ಕ್ಲಾಸು ಶುರುವಾಗುವಾಗ ಸೆಲ್ಫಿ ಕಳಿಸಬೇಕು. ಆಮೇಲೆ ಐದೈದು ನಿಮಿಷಕ್ಕೆ ಫೋನು ಟಿಂಗ್ ಎನ್ನುತ್ತದೆ, ‘ಕಲಿಯುವವರು ಹೇಗಿದ್ದಾರೆ?’ ಎಂದು ಮೂರು ಮುಖ ತೋರಿಸುತ್ತದೆ. ಒಂದು ನಗುಮುಖ, ಒಂದು ಸಪ್ಪೆಮುಖ, ಒಂದು ಅಳುಮುಖ. ಮೇಷ್ಟ್ರು ಹತ್ತು ಸೆಕೆಂಡಿನೊಳಗೆ ಒಂದನ್ನು ಒತ್ತಬೇಕು. ರಸ್ತೆಯ ಸುರಕ್ಷತೆ ಎಷ್ಟು ಸುಧಾರಿಸುತ್ತಿದೆ ಎಂದು ಅಳೆಯಲು ಈ ಏರ್ಪಾಡು.

ಮೇಷ್ಟ್ರು ಕಾರು ನಿಂತ ಮೇಲೆ ಒತ್ತುತ್ತಿದ್ದರು. ಅಷ್ಟರಲ್ಲಿ ಗಡುವು ಮುಗಿದಿರುತ್ತಿತ್ತು. ಹೊಸ ಮಾಲೀಕ ನನ್ನೆದುರಿಗೇ ಅವರನ್ನು ಕರೆದು, “ಅಂಕಲ್, ಆ್ಯಪಲ್ಲಿ ನಿಮ್ಮ ಎಂಗೇಜ್‌ಮೆಂಟ್ ತುಂಬಾ ಕಮ್ಮಿ ಇದೆ. ರಿವ್ಯೂನೂ ನೋಡಿ, ‘ಓಲ್ಡ್ ಅಂಕಲ್, ಫುಟ್‌ಪಾತಲ್ಲಿ ನಿಲ್ಲಿಸ್ತಾರೆ’ ಅಂತ ಬರೆದಿದಾರೆ,” ಎಂದ.

“ನಾನು ರೋಡ್ ನೋಡ್ತಾ ಇರ್ತೀನಪ್ಪಾ.”

“ರೋಡ್ ನೋಡೋಕೆ ಸ್ಟೂಡೆಂಟ್ ಇದಾರಲ್ಲ ಅಂಕಲ್. ನೀವು ಆ್ಯಪ್ ನೋಡಿ.”

ಕೊನೆಯ ವಾರದ ಕ್ಲಾಸುಗಳು ಬೆಳಿಗ್ಗೆ ಆರೂವರೆಗೆ, ಮೈಸೂರು ರಸ್ತೆ ದಾಟಿ ಕೆಂಗೇರಿ ಉಪನಗರದವರೆಗೆ. ಅದು ಹದಿನೆಂಟನೆಯ ದಿನ. ಉಪನಗರದ ಅಗಲವಾದ ರಸ್ತೆ, ಎರಡೂ ಬದಿ ಮರ, ಎಳೆ ಬಿಸಿಲು. ನಾನು ಮೂರನೇ ಗೇರಿನಲ್ಲಿದ್ದೆ. ಬಹಳ ಚೆನ್ನಾಗಿ ಓಡಿಸುತ್ತಿದ್ದೇನೆ ಎಂದು ನನಗೇ ಅನಿಸುತ್ತಿತ್ತು. ಆಗ ಟಿಂಗ್ ಎಂದಿತು. ಮಾಲೀಕನ ಮಾತು ಚುಚ್ಚಿತ್ತೋ ಏನೋ, ಮೇಷ್ಟ್ರು ತಲೆ ಬಗ್ಗಿಸಿದರು. ನಾನೂ ಬಗ್ಗಿಸಿದೆ. ನನಗೆ ಯಾವ ಮುಖ ಕೊಡುತ್ತಾರೆ ಎಂಬ ಕುತೂಹಲ.

ನಗುಮುಖ ಒತ್ತಿದರು. ಅದನ್ನು ನಾನು ನೋಡಿದೆ. ತಲೆ ಎತ್ತಿದಾಗ ಎದುರಿಗೆ ಸೊಪ್ಪಿನ ತಳ್ಳುಗಾಡಿ ಇತ್ತು.

ಅವರ ಬರಿಗಾಲು ಬ್ರೇಕು ತುಳಿಯಿತು. ಕಾರು ನಿಂತಿತು, ಆದರೆ ಒಂದು ಮೊಳ ತಡವಾಗಿ. ಗಾಡಿ ಮಗುಚಿತು. ಗಾಡಿ ತಳ್ಳುತ್ತಿದ್ದ ಹೆಂಗಸು ಕೈ ಊರಿ ಬಿದ್ದಳು. ದಂಟು, ಪಾಲಕ್, ಮೆಂತ್ಯ ಎಲ್ಲ ಕಾರಿನ ಮೂತಿಯ ಮೇಲೆ ಬಂದು ಕೂತವು. ನಾನು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ, ಕೈ ಬಿಡಲಾಗಲಿಲ್ಲ. ವಾಕಿಂಗ್ ಬಂದವರು ಏಳೆಂಟು ಜನ ಓಡಿ ಬಂದರು, ಬಂದವರೇ ಫೋನು ಎತ್ತಿ ವಿಡಿಯೋ ಮಾಡತೊಡಗಿದರು. ಒಬ್ಬರಂತೂ ಸೊಪ್ಪು ಸರಿಯಾಗಿ ಕಾಣುವುದಿಲ್ಲವೆಂದು ಬಿಸಿಲಿನ ಕಡೆಗೆ ಹೋಗಿ ನಿಂತರು. ಅವರ ನಡುವೆ ನುಗ್ಗಿ, ಒಂದು ಕಾಲಿಗೆ ಬೂಟು ಇಲ್ಲದೆ, ಅವಳನ್ನು ಎಬ್ಬಿಸಿದವರು ಮೇಷ್ಟ್ರು.

ಅವಳು ಬಾಗಲಕೋಟೆ ಕಡೆಯವಳು, ನಲವತ್ತರ ಆಸುಪಾಸು. ಗಂಡ ಗಾರೆ ಕೆಲಸದವನು. ಹತ್ತಿರದ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೂಳೆ ಮುರಿದಿದೆ ಎಂದು ಪ್ಲಾಸ್ಟರು ಹಾಕಿದರು. ಅಲ್ಲಿಗೆ ಅವಳ ಗಂಡನೂ ಬಂದ, ಸ್ಕೂಲಿನ ಹೊಸ ಮಾಲೀಕನೂ ಬಂದ.

“ಆ್ಯಪ್ ಪ್ರಕಾರ ನಮ್ಮ ಕಡೆ ಏನೂ ತಪ್ಪಿಲ್ಲ,” ಎಂದ ಮಾಲೀಕ, ಫೋನು ತೋರಿಸುತ್ತಾ. ಆ ಹೊತ್ತಿಗೆ ಸರಿಯಾಗಿ ನಗುಮುಖ ದಾಖಲಾಗಿತ್ತು. ಕೆಳಗೆ ಅಭಿನಂದನೆಯೂ ಇತ್ತು: ಮೇಷ್ಟ್ರು ಮೊದಲ ಬಾರಿಗೆ ಗಡುವಿನೊಳಗೆ ಉತ್ತರಿಸಿದ್ದರು. “ಆಯಮ್ಮ ಸಡನ್ನಾಗಿ ಅಡ್ಡ ಬಂದ್ರು ಅಂತ ಹೇಳಿಬಿಡಿ ಅಂಕಲ್. ಮೇಡಂ, ನೀವು ರೋಡ್ ನೋಡ್ತಿದ್ರಲ್ವಾ?”

ಎಲ್ಲರೂ ನನ್ನ ಕಡೆ ತಿರುಗಿದರು. “ಹೌದು, ರೋಡೇ ನೋಡ್ತಿದ್ದೆ,” ಎಂದೆ. ಮಾತು ಬಾಯಿಂದ ಅದಾಗಿಯೇ ಬಂತು, ಎಷ್ಟು ಸಲೀಸಾಗಿ ಬಂತೆಂದರೆ ಒಂದು ಕ್ಷಣ ನಾನೇ ನಂಬಿದೆ.

ಮೇಷ್ಟ್ರು ನನ್ನನ್ನು ನೋಡಲಿಲ್ಲ. ಅವಳ ಗಂಡನಿಗೆ ಹೇಳಿದರು: “ಅವರು ಅಡ್ಡ ಬರಲಿಲ್ಲಪ್ಪ. ನಾನು ನೋಡ್ಲಿಲ್ಲ. ತಪ್ಪು ನಂದು. ಕಂಪ್ಲೇಂಟ್ ಕೊಡೋದಾದ್ರೆ ನನ್ನ ಹೆಸರು ಬರೆಸಿ.”

ಅವನು, “ಕೇಸು ಗೀಸು ಬ್ಯಾಡ್ರಿ. ಸ್ಟೇಷನ್ನಿಗೆ ಅಡ್ಡಾಡಾಕ ನಮಗೆಲ್ಲಿ ಪುರಸೊತ್ತೈತ್ರಿ,” ಎಂದ. ಆಸ್ಪತ್ರೆಯ ಬಿಲ್ಲು ನಾನು ಕಟ್ಟಿದೆ. ಕಟ್ಟಿದ ಮೇಲೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಮೇಷ್ಟ್ರು ಅವತ್ತೇ ಕಾರಿನ ಕೀಲಿಯನ್ನು ಮಾಲೀಕನ ಕೈಗಿಟ್ಟು ಮನೆಗೆ ಹೋದರು.

ಅದಾದ ಮೇಲೆ ಎರಡು ವಾರ ನಾನು ಎಲ್ಲರಿಗೂ ಒಂದೇ ಕಥೆ ಹೇಳಿದೆ: ಆ್ಯಪ್ ಮಾಡಿದ ಅನಾಹುತ, ಇಂದಿನ ಬದುಕಿನ ಚಂಚಲತೆ, ಪಾಪ ವಯಸ್ಸಾದ ಮನುಷ್ಯ. ಬಹಳ ಚೆನ್ನಾಗಿ ಹೇಳುತ್ತಿದ್ದೆ. ಕೇಳಿದವರು ಫೋನು ನೋಡುತ್ತಲೇ ‘ನಿಜ ನಿಜ’ ಎನ್ನುತ್ತಿದ್ದರು. ನನ್ನ ತಲೆಯೂ ಬಗ್ಗಿತ್ತು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಆದರೆ ಬ್ಯಾಂಕಿನಲ್ಲಿ ಸಹಿ ಹಾಕುವಾಗಲೂ ಆ ದಂಟಿನ ಕಟ್ಟು ಕಾರಿನ ಮೂತಿಗೆ ಬಡಿದ ಸದ್ದು ಕೇಳುತ್ತಿತ್ತು. ಒಂದು ಶನಿವಾರ ಬೆಳಿಗ್ಗೆ ಮೆಟ್ರೋ ಹಿಡಿದು ಕೆಂಗೇರಿಗೆ ಹೋದೆ. ಮೇಷ್ಟ್ರ ಮನೆಯಲ್ಲಿ ಮಗಳಿದ್ದಳು. “ಅಪ್ಪ ಸೊಪ್ಪು ಮಾರೋಕೆ ಹೋಗಿದಾರೆ ಆಂಟಿ,” ಎಂದಳು. ತಮಾಷೆ ಎಂದುಕೊಂಡೆ.

ಉಪನಗರದ ಒಂದು ಅಡ್ಡರಸ್ತೆಯಲ್ಲಿ ಸಿಕ್ಕರು. ಅದೇ ಇಸ್ತ್ರಿಯ ಅಂಗಿ. ಗಾಡಿ ತಳ್ಳುತ್ತಿದ್ದರು. ಪಕ್ಕದಲ್ಲಿ ಆ ಹೆಂಗಸು, ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಪ್ಲಾಸ್ಟರಿನ ಕೈ ಇಳಿಬಿಟ್ಟುಕೊಂಡು, “ಸೊಪ್ಪೇಯ್!” ಎಂದು ಕೂಗುತ್ತಿದ್ದಳು. ಅವಳ ಕೈ ಕೂಡುವವರೆಗೆ ಗಾಡಿಯನ್ನು ತಾವೇ ತಳ್ಳುವುದಾಗಿ ಒಪ್ಪಿಕೊಂಡಿದ್ದರಂತೆ.

“ಇದಕ್ಕೆ ಬ್ರೇಕೇ ಇಲ್ಲ ಮೇಡಂ,” ಎಂದರು ನನ್ನನ್ನು ನೋಡಿ, ಹೊಸ ಗಾಡಿಯ ಬಗ್ಗೆ ಹೇಳುವವರ ಹಾಗೆ. “ಇಳಿಜಾರಲ್ಲಿ ತುಂಬಾ ಹುಷಾರಾಗಿರಬೇಕು.”

ನಾನು ನಿಂತಲ್ಲೇ ಹೇಳಿಬಿಟ್ಟೆ. “ಸಾರ್, ಅವತ್ತು ನಾನೂ ರೋಡ್ ನೋಡ್ತಿರಲಿಲ್ಲ. ಫೋನೇ ನೋಡ್ತಿದ್ದೆ. ಆಸ್ಪತ್ರೆಲಿ ಸುಳ್ಳು ಹೇಳಿದೆ.”

ಉತ್ತರ ಕೊಟ್ಟವಳು ಅವಳು. “ನನಗ ಗೊತ್ತೈತ್ರಿ ಅಕ್ಕಾರ. ನಾ ನಿಮ್ಮ ಎದುರಿಗೇ ಇದ್ನೆಲ್ರೀ. ಇಬ್ಬರೂ ತಲಿ ಕೆಳಗ ಹಾಕಿದ್ರಿ. ನಾ ಒದರಿದ್ನಿ, ನಿಮಗ ಕೇಳಲಿಲ್ಲ. ಗಾಡಿ ಹಿಂದಕ್ಕ ಜಗ್ಗಾಕ ಹೋದ್ನಿ, ಆಗಲಿಲ್ಲ. ನನ್ನ ಗಾಡಿಗೆ ಹಾರ್ನ್ ಎಲ್ಲೈತ್ರಿ ಹೊಡ್ಯಾಕ?”

ಆ ರಸ್ತೆಯಲ್ಲಿ ಅವತ್ತು ಎಲ್ಲವನ್ನೂ ನೋಡಿದವಳು ಇವಳೊಬ್ಬಳೇ. ಆಸ್ಪತ್ರೆಯಲ್ಲಿ ಯಾರೂ ಅವಳನ್ನು ಏನು ಕಂಡೆ ಎಂದು ಕೇಳಿರಲಿಲ್ಲ.

“ಇವರು ಅವತ್ತೇ ನನಗೆ ಹೇಳಿದ್ರು ಮೇಡಂ,” ಎಂದರು ಮೇಷ್ಟ್ರು.

“ಮತ್ತೆ ನೀವ್ಯಾಕೆ ಎಲ್ಲಾ ತಪ್ಪು ನಿಮ್ಮ ಮೇಲೆ ಹಾಕ್ಕೊಂಡ್ರಿ?”

“ಕಲಿಯೋರು ತಪ್ಪು ಮಾಡ್ತಾರೆ ಅಂತಾನೇ ಎರಡನೇ ಬ್ರೇಕ್ ಇಟ್ಟಿರೋದು. ಅದು ನನ್ನ ಕಾಲ್ಕೆಳಗಿತ್ತು, ನಿಮ್ಮ ಕಾಲ್ಕೆಳಗಲ್ಲ.” ಗಾಡಿಯ ಹಿಡಿಯನ್ನು ಕರವಸ್ತ್ರದಿಂದ ಒರೆಸಿದರು. “ಆ ಹುಡುಗನ ಆ್ಯಪೇನೂ ನನ್ನ ಕತ್ತು ಹಿಡಿದು ಬಗ್ಗಿಸ್ಲಿಲ್ಲ. ಒಂದ್ಸಲ ಆದ್ರೂ ಒಳ್ಳೇ ಮಾರ್ಕ್ಸ್ ಬರ್ಲಿ ಅಂತ ಆಸೆ ಆಯ್ತು. ಈ ವಯಸ್ಸಲ್ಲಿ.” ಆಮೇಲೆ, “ನಿಮ್ದು ಇನ್ನೂ ಮೂರು ಕ್ಲಾಸ್ ಬಾಕಿ ಇದೆ ಅಲ್ವಾ?” ಎಂದರು.

ಹಾಗೆ ನನ್ನ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದನೆಯ ಕ್ಲಾಸುಗಳು ಸೊಪ್ಪಿನ ಗಾಡಿಯ ಮೇಲೆ ನಡೆದವು. ಬೆಳಿಗ್ಗೆ ಆರಕ್ಕೆ ಹೋಗಿ ಗಾಡಿ ಹಿಡಿಯುತ್ತಿದ್ದೆ. ತೆರೆದ ಗೇಟಿನಿಂದ ಯಾವಾಗ ಸ್ಕೂಟರು ನುಗ್ಗುತ್ತದೆ, ಯಾವ ನಾಯಿ ಗಾಲಿಗೆ ಬರುತ್ತದೆ, ಯಾವ ಮನೆಯ ಪರದೆ ಅಲುಗಾಡಿದರೆ ಗಿರಾಕಿ ಬರುತ್ತಾರೆ, ಎಲ್ಲ ನೋಡಬೇಕಿತ್ತು. ಮೇಷ್ಟ್ರು ಎಡಗಡೆ ನಡೆಯುತ್ತಿದ್ದರು. ನನ್ನನ್ನು ಎಲ್ಲಿದೀರಾ ಎಂದು ಆ ಮೂರು ದಿನ ಕೇಳಲಿಲ್ಲ. ಅವಳು ಮಾತ್ರ, “ಅಕ್ಕಾರ, ಹಿಂಗ ತಳ್ಳಿದ್ರ ಮಧ್ಯಾಹ್ನ ಆಗ್ತೈತ್ರಿ,” ಎಂದು ಗದರುತ್ತಿದ್ದಳು.

ಮುಂದಿನದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅವಳ ಕೈ ಕೂಡಿತು. ಮೇಷ್ಟ್ರು ಮತ್ತೆ ಯಾವ ಸ್ಕೂಲಿಗೂ ಸೇರಲಿಲ್ಲ. ಪರಿಚಯದವರಿಗೆ ಅವರವರ ಕಾರಿನಲ್ಲೇ, ಅದೂ ಫುಟ್‌ಪಾತಿನಿಂದಲೇ ಶುರು ಮಾಡಿ, ಕಲಿಸುತ್ತಿದ್ದರು. ನನಗೆ ಲೈಸೆನ್ಸು ಬಂತು. ಈಗ ಮನೆಯ ಕಾರು ನಾನೇ ಓಡಿಸುತ್ತೇನೆ. ಪಕ್ಕದಲ್ಲಿ ಯಜಮಾನರು ನೆಮ್ಮದಿಯಾಗಿ ಎರಡೂ ಕೈಯಲ್ಲಿ ಫೋನು ನೋಡುತ್ತಾರೆ.

ಹೇಳದೆ ಉಳಿದದ್ದು ಆ ಕೊನೆಯ ಕ್ಲಾಸಿನ ಒಂದು ಸಂಗತಿ. ಒಂದು ಮನೆಯ ಮುಂದೆ ಗಾಡಿ ನಿಲ್ಲಿಸಿದ್ದೆ. ಗೇಟು ತೆಗೆದು ಬಂದವರು ನಮ್ಮ ಬ್ಯಾಂಕಿನ ಕ್ಯಾಷಿಯರು. ಹನ್ನೊಂದು ವರ್ಷದಿಂದ ನನ್ನ ಕೋಣೆಯ ಗಾಜಿನಾಚೆಗೆ ಕೂರುವವರು. ಅವರು ಆ ಕಡೆಯವರೆಂದು ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಏನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಅವರು ಫೋನಿನಿಂದ ಕಣ್ಣು ಎತ್ತದೆ, “ಮೆಂತ್ಯ ಎರಡು ಕಟ್ಟು,” ಎಂದರು. ಕೊಟ್ಟೆ. ಗಾಡಿಗೆ ಕಟ್ಟಿದ್ದ ಕ್ಯೂಆರ್ ಕೋಡಿಗೆ ಫೋನು ಹಿಡಿದು, “ಹೋಯ್ತು,” ಎಂದರು. ನಾನು, “ಸರಿ,” ಎಂದೆ. ನನ್ನ ದನಿಯೂ ಅವರಿಗೆ ತಿಳಿಯಲಿಲ್ಲ.

ಅವಳು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ನನಗೂ ನಗು ಬರಬೇಕಿತ್ತು. ಆದರೆ ಅವರು ನನ್ನನ್ನು ನೋಡದೇ ಇದ್ದುದರಿಂದ ನನಗೆ ಅವರನ್ನು ನೋಡಲು ಪುರಸೊತ್ತು ಸಿಕ್ಕಿತ್ತು. ಎಂದೂ ತಪ್ಪದೆ ಗಡ್ಡ ಮಾಡುವ ಮನುಷ್ಯನಿಗೆ ನಾಲ್ಕು ದಿನದ ಗಡ್ಡ. ಅಂಗಿಯ ಗುಂಡಿ ಒಂದು ಮೇಲೆ, ಒಂದು ಕೆಳಗೆ. ಕಣ್ಣಿನ ಕೆಳಗೆ ಊದಿತ್ತು. ಹಿಂದೆ ತೆರೆದಿದ್ದ ಬಾಗಿಲಿನೊಳಗೆ ಬೆಳಗಿನ ಏಳು ಗಂಟೆಗೂ ಕತ್ತಲೆ. ಬ್ಯಾಂಕಿನಲ್ಲಿ ಅವರು ದಿನವೂ ನನಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದರು, ನಾನೂ ಪರದೆಯ ಮೇಲೆ ಕಣ್ಣಿಟ್ಟೇ ಹೇಳುತ್ತಿದ್ದೆ. ನಾನು ಮೇಷ್ಟ್ರ ಕಡೆ ತಿರುಗಿದೆ. ಅವರೂ ಆ ಬಾಗಿಲನ್ನೇ ನೋಡುತ್ತಿದ್ದರು.

ಅವತ್ತು ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ನಾನು ಎದ್ದು ಕ್ಯಾಷಿಯರ ಬಳಿ ಹೋಗಿ ಒಂದು ಕುರ್ಚಿ ಎಳೆದುಕೊಂಡು ಕೂತೆ. ಅವರು ಗಾಬರಿಯಾಗಿ, “ಏನಾದ್ರೂ ತಪ್ಪಾಯ್ತಾ ಮೇಡಂ?” ಎಂದರು.

“ಇಲ್ಲ. ಮನೇಲಿ ಎಲ್ಲಾ ಹೇಗಿದಾರೆ?”

“ಚೆನ್ನಾಗಿದಾರೆ ಮೇಡಂ,” ಎಂದು ಥಟ್ಟನೆ ಹೇಳಿದರು. ನಾನು ಏಳಲಿಲ್ಲ. ಅವರು ಊಟದ ಡಬ್ಬಿಯ ಮುಚ್ಚಳವನ್ನು ತೆಗೆದು, ಮತ್ತೆ ಮುಚ್ಚಿದರು. ನಾನು ಆಗಲೂ ಏಳಲಿಲ್ಲ. ಆಮೇಲೆ ಅವರು ಮಾತಾಡಿದರು. ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರದು. ಅವರು ಮುಗಿಸುವ ಹೊತ್ತಿಗೆ ಊಟದ ಸಮಯ ಮೀರಿ, ಕೌಂಟರಿನ ಮುಂದೆ ಏಳೆಂಟು ಜನ ಸೇರಿದ್ದರು. ಅವರಲ್ಲಿ ಒಬ್ಬಾತ ಫೋನಿನಿಂದ ತಲೆ ಎತ್ತಿ, “ಏನ್ ಮೇಡಂ, ಕೆಲ್ಸ ಬಿಟ್ಟು ಸುಮ್ನೆ ಕೂತಿದೀರಲ್ಲ?” ಎಂದು ಜೋರು ಮಾಡಿದ.